ತಟ್ಟೆಯಲ್ಲಿ ಬಂದ ಪರದೇಶ

ಚಳ್ಳಕೆರೆಯಲ್ಲಿ ಮೊಳಕಾಲ್ಮೂರಿನ ಬಸ್ಸು ತಡವಾದರೆ ಬೇಸರವೇಕೆ? ಹತ್ತಿರದ ಹೋಟೆಲು ಹೊಕ್ಕು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹೇಳಿ. ಕಾದ ಮರಳಿನಲ್ಲಿ ಅಕ್ಕಿಯೊಳಗಿನ ತೇವ ಹಬೆಯಾಗಿ ಕಾಳನ್ನು ಉಬ್ಬಿಸಿದ್ದೇ ಮಂಡಕ್ಕಿ. ಅದು ನಮ್ಮದೇ. ಆದರೆ ಅದರೊಳಗಿನ ಶೇಂಗಾ, ಪಕ್ಕದ ಬಜ್ಜಿಯ ಮೆಣಸಿನಕಾಯಿ? ಎರಡರ ತವರೂ ಅಮೆರಿಕ ಖಂಡ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ ನಂತರವೇ ಇವು ಹಡಗು ಹತ್ತಿ ಬಂದವು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕನ ಶಾಸನ ಬರೆದ ಲಿಪಿಕಾರ ಚಪಡನಿಗೆ, ಪಾಪ, ಈ ಬಜ್ಜಿಯ ಯೋಗವಿರಲಿಲ್ಲ!

ಇಂದು? ಚಳ್ಳಕೆರೆ ಎಣ್ಣೆಯ ಊರೆಂದು ಹೆಸರಾದದ್ದೇ ಶೇಂಗಾದಿಂದ. ಮಳೆ ಕೈಕೊಟ್ಟು ಬಳ್ಳಿ ಒಣಗಿದ ವರ್ಷ ಎಷ್ಟೋ ಮಕ್ಕಳ ಕಾಲೇಜು ಫೀಜಿಗೂ ತತ್ವಾರ.

ಹೊರಗಿನದನ್ನು ಹೀಗೆ ಮನೆಯದಾಗಿಸಿಕೊಂಡವರು ನಾವಷ್ಟೇ ಅಲ್ಲ. ಮಲಾಕಾ, ಸಿಂಗಪುರಗಳಲ್ಲಿ ನೆಲೆಸಿದ ಚೀನೀ ವರ್ತಕರ ವಂಶಸ್ಥರು ಮಲಯ ಮಸಾಲೆ, ತೆಂಗಿನಹಾಲು ಬೆರೆಸಿ ಕಟ್ಟಿದ ಅಡುಗೆಗೆ ಪೆರನಾಕನ್ ಎಂದು ಹೆಸರು. ನಾವು ನಮ್ಮದಕ್ಕೆ ಹೆಸರಿಡಲಿಲ್ಲ, ಅಷ್ಟೆ.

ಅಂದಹಾಗೆ ಮಕ್ಕಳೇ, ಖಾರ ನೆತ್ತಿಗೇರಿದರೆ ನೀರಿಗೆ ಕೈಹಾಕಬೇಡಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನೀರಿನಲ್ಲಿ ಹೆಚ್ಚುಕಡಿಮೆ ಕರಗದು. ಮೊಸರು ಕೇಳಿ.