ದಿನಕ್ಕೊಂದು ಬಣ್ಣದ ಒಗಟು

ಮನೆಮಂದಿಯೆಲ್ಲ ಒಂದೆಡೆ ಕುಳಿತು ಒಗಟು ಬಿಡಿಸುವ ಪದ್ಧತಿಯು ನಮ್ಮವರಿಗೆ ಹೊಸದಲ್ಲ. ಒಗಟು ಹೇಳುತ್ತಿದ್ದ ಅಜ್ಜಿಯ ಸ್ಥಾನಕ್ಕೆ ಈಗ ಮೊಬೈಲು ಬಂದಿರುವುದಷ್ಟೇ ವ್ಯತ್ಯಾಸ. 2021ರ ಅಕ್ಟೋಬರಿನಲ್ಲಿ ಜಾಶ್ ವಾರ್ಡಲ್ ಎಂಬವರು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟ ‘ವರ್ಡಲ್’ ಎಂಬ ಪದದಾಟವು ದಿನಕ್ಕೆ ಒಂದೇ ಒಗಟು, ಎಲ್ಲರಿಗೂ ಅದೇ ಒಗಟು, ಆರೇ ಪ್ರಯತ್ನ ಎಂಬ ಮೂರು ಕಟ್ಟಳೆಗಳಿಂದ ಬಹುಬೇಗ ಜನಪ್ರಿಯವಾಯಿತು. 2022ರ ಜನವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ಅದನ್ನು ಕೊಂಡುಕೊಂಡಿತು. ಅದರ ಮಾದರಿಯಲ್ಲಿ ಹುಟ್ಟಿದ ದಿನದಾಟಗಳು ಹಲವು. ಅವುಗಳಲ್ಲಿ ಬಣ್ಣ ಬೆರೆಸುವ ಆಟದ ವಿಷಯವಾಗಿ ಈ ತಿಂಗಳು ನಾಲ್ಕು ಮಾತು ಬರೆಯಲಿಚ್ಛಿಸುವೆವು.

ಆಟದ ಕ್ರಮವು ಸುಲಭವಾದುದು. ಪರದೆಯ ಮೇಲೆ ಒಂದು ಬಣ್ಣವು ತೋರುತ್ತದೆ. ಅದು ಯಾವ ಯಾವ ಬಣ್ಣಗಳು ಯಾವ ಪ್ರಮಾಣದಲ್ಲಿ ಬೆರೆತು ಆದುದೆಂಬುದನ್ನು ಆಡುವವರು ಊಹಿಸಬೇಕು. ಕೆಲವು ಆಟಗಳಲ್ಲಿ ಮುಂದಿಟ್ಟ ಬಣ್ಣಗಳೊಳಗಿಂದ ಆರಿಸಬೇಕು. ಮತ್ತೆ ಕೆಲವುಗಳಲ್ಲಿ ಕೆಂಪು, ಹಸುರು, ನೀಲಿ ಇವುಗಳ ಪ್ರಮಾಣವನ್ನು ಅಂಕೆಗಳಿಂದ ಹೇಳಬೇಕು. ಊಹೆಯು ಎಷ್ಟು ಸಮೀಪಕ್ಕೆ ಬಂದಿತೆಂಬ ಸೂಚನೆಯು ಪ್ರತಿ ಸಲವೂ ದೊರೆಯುತ್ತದೆ. ಸಾಮಾನ್ಯವಾದ ಪರದೆಯಲ್ಲಿ ಈ ಮೂರು ಬಣ್ಣಗಳಲ್ಲಿ ಒಂದೊಂದಕ್ಕೂ 0 ಯಿಂದ 255ರ ವರೆಗೆ 256 ಮೆಟ್ಟಲುಗಳುಂಟು. ಆದುದರಿಂದ ಅವುಗಳ ಬೆರಕೆಯಿಂದಾಗಬಹುದಾದ ಬಣ್ಣಗಳ ಸಂಖ್ಯೆಯು 1,67,77,216! ದಿನಕ್ಕೊಂದರಂತೆ ಎಷ್ಟು ತಲೆಮಾರು ಆಡಿದರೂ ಈ ಭಂಡಾರವು ಬರಿದಾಗುವಂತಿಲ್ಲ.

ಚಿತ್ರ ಬರೆದು ಅಭ್ಯಾಸವಿರುವ ಮಕ್ಕಳಿಗೆ ಈ ಅಂಕೆಗಳ ಆಟದಲ್ಲಿ ಮೊದಲಿಗೆ ಒಂದು ಆಶ್ಚರ್ಯವು ಕಾದಿರುತ್ತದೆ. ಕೆಂಪನ್ನೂ ಹಸುರನ್ನೂ ಪೂರ್ತಿಯಾಗಿ ಸೇರಿಸಿದರೆ ಅಲ್ಲಿ ಬರುವುದು ಕಂದು ಬಣ್ಣವಲ್ಲ, ಹೊಳೆಯುವ ಹಳದಿ. ಬಟ್ಟಲಿನ ಬಣ್ಣವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಭಾಗವನ್ನು ನುಂಗಿ ಉಳಿದುದನ್ನು ಹೊರಗೆ ಕಳುಹಿಸುತ್ತದೆ. ಬಣ್ಣಕ್ಕೆ ಬಣ್ಣ ಸೇರಿದಷ್ಟೂ ನುಂಗುವುದು ಹೆಚ್ಚುವುದರಿಂದ ಕಪ್ಪಡರುತ್ತದೆ. ಪರದೆಯಾದರೋ ತಾನೇ ಬೆಳಗುವಂಥದು. ಅಲ್ಲಿ ಬೆಳಕಿಗೆ ಬೆಳಕು ಕೂಡುವುದರಿಂದ ಬೆಳ್ಪು ಹೆಚ್ಚುತ್ತದೆ, ಮೂರೂ ಪೂರ್ತಿಯಾಗಿ ಕೂಡಿದಲ್ಲಿ ಬಿಳಿಯಾಗುತ್ತದೆ. ಆರತಿಯ ತಟ್ಟೆಯಲ್ಲಿ ಅರಿಸಿನದ ನೀರಿಗೆ ಸುಣ್ಣ ಸೇರಿದೊಡನೆ ಕೆಂಪಾಗುವುದನ್ನು ಕಂಡ ಮಕ್ಕಳು ಅದೂ ಬೆರಕೆಯೇ ಎಂದು ಕೇಳಬಹುದು. ಅದು ಬೆರಕೆಯಲ್ಲ, ಸುಣ್ಣದ ಕ್ಷಾರದಿಂದ ಅರಿಸಿನದ ವರ್ಣದ್ರವ್ಯವೇ ಮಾರ್ಪಡುವ ರಾಸಾಯನಿಕ ಕ್ರಿಯೆ.

ಹಾಗಾದರೆ ಪರದೆಯ ಬಣ್ಣವು ಬೆರೆಯುವುದೆಲ್ಲಿ? ಭೂತಗನ್ನಡಿಯನ್ನು ಹಿಡಿದು ನೋಡಿದರೆ ಹಳದಿಯೆಂಬುದು ಪರದೆಯಲ್ಲಿ ಎಲ್ಲಿಯೂ ಇಲ್ಲ. ಕೆಂಪು ಮತ್ತು ಹಸುರು ಕಿರುದೀಪಗಳು ಒತ್ತೊತ್ತಾಗಿ ಉರಿಯುತ್ತಿರುವುದು ಮಾತ್ರ ಕಾಣುತ್ತದೆ. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣದ ನೂಲು ಹಾಕಿ ನೇಯ್ದ ಸೀರೆಯು ದೂರಕ್ಕೆ ಮೂರನೆಯದೊಂದು ಬಣ್ಣವಾಗಿ ತೋರುವುದಿಲ್ಲವೆ? ಹಾಗೆಯೇ ಇದು. ಬೆರೆಯುವ ಕಾರ್ಯವು ನಡೆಯುವುದು ನೋಡುವವರ ಕಣ್ಣಿನಲ್ಲಿ. ಬಣ್ಣವನ್ನು ಅರಿಯಲು ಕಣ್ಣಿನಲ್ಲಿ ಮೂರು ಬಗೆಯ ಸೂಕ್ಷ್ಮಾಂಗಗಳಿರಬೇಕೆಂದು ಥಾಮಸ್ ಯಂಗ್ ಎಂಬ ಆಂಗ್ಲ ವಿದ್ವಾಂಸನು 1802ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ಊಹಿಸಿದನು. ಆ ಊಹೆಯು ನಿಜವೆಂದು ಮುಂದೆ ಸ್ಥಿರಪಟ್ಟಿತು.

ಇಲ್ಲಿಂದ ವಿಷಯವು ವಿನೋದವನ್ನು ಮೀರುತ್ತದೆ. ಬೆರೆಸುವುದು ಕಣ್ಣಾದ ಮೇಲೆ, ಎಲ್ಲರ ಕಣ್ಣುಗಳೂ ಒಂದೇ ಬಗೆಯಾಗಿ ಬೆರೆಸುವುವೆ? ಇಲ್ಲ. ಆ ಮೂರರಲ್ಲಿ ಒಂದು ಇಲ್ಲದಿದ್ದರೆ, ಅಥವಾ ಬೇರೆ ತೆರನಾಗಿದ್ದರೆ, ಕೆಂಪು ಹಸುರುಗಳ ಭೇದವು ಚೆನ್ನಾಗಿ ತಿಳಿಯದಿರಬಹುದು. ಉತ್ತರ ಯೂರೋಪಿನ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೂ, ಹೆಂಗಸರಲ್ಲಿ ಇನ್ನೂರಕ್ಕೆ ಸುಮಾರು ಒಬ್ಬಳಿಗೂ ಈ ನ್ಯೂನತೆಯುಂಟು. ನಮ್ಮ ಜನರಲ್ಲಿಯೂ ಇದು ಅಪರೂಪವಲ್ಲ.

ಪರಮಾಣುವಾದದಿಂದ ಪ್ರಖ್ಯಾತನಾದ ಜಾನ್ ಡಾಲ್ಟನನಿಗೆ ತನ್ನ ದೃಷ್ಟಿಯ ಸಂಗತಿಯು ತಿಳಿದುದು 1792ರಲ್ಲಿ, ಅವನಿಗೆ ಇಪ್ಪತ್ತಾರು ವರ್ಷಗಳಾಗಿದ್ದಾಗ. ಹಗಲಿನಲ್ಲಿ ನೀಲಿಯಾಗಿ ಕಾಣುತ್ತಿದ್ದ ಜೆರೇನಿಯಂ ಹೂವೊಂದು ಮೋಂಬತ್ತಿಯ ಬೆಳಕಿನಲ್ಲಿ ಅವನಿಗೆ ಕೆಂಪಾಗಿ ಕಂಡಿತು. ಅವನ ಸಹೋದರನೊಬ್ಬನ ಹೊರತು ಉಳಿದ ಯಾರಿಗೂ ಹಾಗೆ ಕಾಣಲಿಲ್ಲ. 1794ರಲ್ಲಿ ಅವನು ಈ ವಿಷಯವಾಗಿ ಮ್ಯಾಂಚೆಸ್ಟರಿನ ವಿದ್ವತ್ಸಭೆಯಲ್ಲಿ ಲೇಖನವನ್ನೋದಿದನು. ಅವನು 1844ರಲ್ಲಿ ತೀರಿಕೊಂಡ ಬಳಿಕ ಉಳಿಸಿಟ್ಟಿದ್ದ ಕಣ್ಣಿನ ಭಾಗವನ್ನು 1995ರಲ್ಲಿ ಪರೀಕ್ಷಿಸಲಾಗಿ, ಮೂರರಲ್ಲಿ ಮಧ್ಯದ್ದು, ಎಂದರೆ ಹಸುರಿನ ಕಡೆಯದು, ಅವನಿಗೆ ಇರಲಿಲ್ಲವೆಂದು ನಿರ್ಣಯವಾಯಿತು. ಅಂಥ ಬುದ್ಧಿಶಾಲಿಗೇ ಅಷ್ಟು ಕಾಲ ತಿಳಿಯದಿದ್ದುದು ಶಾಲೆಗೆ ಹೋಗುವ ಹುಡುಗನಿಗೆ ತಾನಾಗಿ ತಿಳಿಯುವುದೆಂತು? ತನಗೆ ಕಾಣುವುದೇ ಎಲ್ಲರಿಗೂ ಕಾಣುವುದೆಂದು ಅವನು ನಂಬಿರುವನು.

ಆದಕಾರಣ ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಲೆಕ್ಕದಲ್ಲಿ ಚುರುಕಾಗಿರುವ ಹುಡುಗನು ಈ ಆಟದಲ್ಲಿ ಮಾತ್ರ ದಿನವೂ ಕೆಂಪು ಹಸುರುಗಳಲ್ಲಿಯೇ ಎಡವುತ್ತಿದ್ದರೆ ನಗಬೇಡಿರಿ, ಗದರಿಸಬೇಡಿರಿ. ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ. ಚುಕ್ಕೆಗಳ ನಡುವೆ ಅಂಕೆಗಳನ್ನಡಗಿಸಿದ ಪಟಗಳಿಂದ ಮಾಡುವ ಪರೀಕ್ಷೆಯು ಕೆಲವೇ ನಿಮಿಷಗಳದು. ಜಪಾನಿನ ಇಶಿಹಾರ ಎಂಬ ವೈದ್ಯನು 1917ರಲ್ಲಿ ಪ್ರಕಟಿಸಿದ ಆ ಪಟಗಳು ಇಂದಿಗೂ ಬಳಕೆಯಲ್ಲಿವೆ. ರೈಲು ಚಾಲಕನೇ ಮೊದಲಾದ ಕೆಲವು ಉದ್ಯೋಗಗಳಿಗೆ ವರ್ಣದೃಷ್ಟಿಯ ಪರೀಕ್ಷೆಯುಂಟು. ವರ್ಷಗಟ್ಟಲೆ ಆಸೆಯಿಟ್ಟು ಓದಿ, ಕಡೆಯ ಬಾಗಿಲಿನಲ್ಲಿ ಹಿಂದಿರುಗುವ ದುಃಖವು ಮೊದಲೇ ತಿಳಿದವನಿಗೆ ತಪ್ಪುವುದು. ಹಾಗೆಂದು ಎಲ್ಲ ಬಾಗಿಲುಗಳೂ ಮುಚ್ಚಿವೆಯೆಂದು ಎದೆಗುಂದಬೇಕಾಗಿಲ್ಲ. ಪುಣೆಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯು ವರ್ಣಾಂಧರನ್ನು ಯಾವ ಪಾಠಕ್ರಮದಿಂದಲೂ ಹೊರಗಿಡಬಾರದೆಂದು 2022ರ ಏಪ್ರಿಲ್ ತಿಂಗಳಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ವಿಧಿಸಿರುವುದು.

ಇನ್ನೊಂದು ಮಾತು. ಸಾಮಾನ್ಯವಾದ ಕೆಂಪು-ಹಸುರು ವರ್ಣಾಂಧತೆಯು ತಾಯಿಯ ಮೂಲಕ ಮಗನಿಗೆ ಬರುವುದೆಂದು ತಿಳಿದೊಡನೆ ಸೊಸೆಯನ್ನು ದೂರುವ ಮನೆಗಳು ಇಲ್ಲದಿಲ್ಲ. ಅವಳಿಗೆ ಅದು ಬಂದುದು ತನ್ನ ಹೆತ್ತವರಿಂದ. ತನ್ನೊಳಗೆ ಅದು ಇರುವುದೇ ಅನೇಕ ವೇಳೆ ಅವಳಿಗೆ ತಿಳಿದಿರುವುದಿಲ್ಲ. ಯಾರೂ ಮಾಡದ ತಪ್ಪಿಗೆ ಯಾರನ್ನೂ ಹೊಣೆಮಾಡುವುದು ನ್ಯಾಯವಲ್ಲ.

ಅಂಥ ಮಗುವನ್ನು ಆಟದಿಂದ ದೂರವಿಡುವುದೂ ಬೇಡ. ‘ವರ್ಡಲ್’ ಆಟದಲ್ಲಿ ಹಸುರು ಹಳದಿಗಳಿಗೆ ಬದಲಾಗಿ ಕಿತ್ತಳೆ ನೀಲಿಗಳನ್ನು ಇಟ್ಟುಕೊಳ್ಳುವ ಏರ್ಪಾಡುಂಟು. ಬಣ್ಣದ ಆಟವನ್ನಾದರೂ ಅಂಕೆಗಳ ಸೂಚನೆಯನ್ನು ಹಿಡಿದು ತರ್ಕದಿಂದ ಆಡಬಹುದು. ಒಬ್ಬರು ಬಣ್ಣವನ್ನು ನೋಡಿ ಹೇಳಲಿ, ಇನ್ನೊಬ್ಬರು ಲೆಕ್ಕವನ್ನು ಹಾಕಲಿ. ಒಂದೇ ಒಗಟು ಮನೆಯ ಎಲ್ಲರಿಗೂ ಒಂದೇ ತೆರನಾಗಿ ಕಾಣಬೇಕಾಗಿಲ್ಲವೆಂಬುದನ್ನು ಮಕ್ಕಳು ಆಟದಲ್ಲಿ ಕಲಿತುಕೊಂಡರೆ, ಆ ಅರಿವು ಅವರಿಗೆ ಬಾಳಿನಲ್ಲಿಯೂ ಒದಗುವುದೆಂದು ನಂಬಿರುವೆವು.