ಗಾದಿಯಿಂದ ಎದ್ದು ನಿಂತು ಮಾಡುವ ವ್ಯಾಯಾಮ

ಮಾರ್ಚ್ 31ರಂದು ದಾಸ್ತಾನು ಎಣಿಸದ ವರ್ತಕರು ವಿರಳ. ಯಂತ್ರಕ್ಕೆ, ಕಟ್ಟಡಕ್ಕೆ, ಲಾರಿಗೆ ಸವಕಳಿ ಹಾಕುವುದನ್ನೂ ಯಾರೂ ಮರೆಯುವುದಿಲ್ಲ. ಆದರೆ ಇವೆಲ್ಲವನ್ನೂ ನಡೆಸುವ ದೇಹದ ಸವಕಳಿ ಯಾವ ಖಾತೆಯಲ್ಲಿಯೂ ದಾಖಲಾಗುವುದಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡದ ಪೇಟೆಗಳಲ್ಲಿ ಬೆಳಿಗ್ಗೆ ಬಾಗಿಲು ತೆರೆದ ವರ್ತಕರು ರಾತ್ರಿ ಗಲ್ಲಾ ಎಣಿಸುವ ತನಕ ಬಹುಪಾಲು ಕುಳಿತೇ ಇರುತ್ತಾರೆ. ಮೂಟೆ ಎತ್ತುವವರು ಹಮಾಲರು, ಬ್ಯಾಂಕಿಗೆ ಓಡುವವನು ಅಂಗಡಿಯ ಹುಡುಗ, ಮನೆಗೆ ಹೋಗಲು ಸ್ಕೂಟರ್. ಐವತ್ತು ದಾಟುವ ಹೊತ್ತಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅವುಗಳ ಜೊತೆಗೆ ಮಂಡಿನೋವು. ಮಂಡಿಯಲ್ಲಿ ಕುಳಿತು ಬಾಳಿದವರಿಗೆ ಮಂಡಿಯೇ ಕೈಕೊಡುವುದು ವಿಧಿಯ ವಿನೋದವೆನ್ನಬೇಕು.

ಇದು ಕೇವಲ ವೈಯಕ್ತಿಕ ಆರೋಗ್ಯದ ಪ್ರಶ್ನೆಯಲ್ಲ. ಈ ತಾಲ್ಲೂಕುಗಳ ವ್ಯಾಪಾರದ ಬಹುಭಾಗ ಒಬ್ಬರೇ ಮಾಲೀಕರಿರುವ ಅಂಗಡಿಗಳಲ್ಲಿ ಅಥವಾ ಅಣ್ಣತಮ್ಮಂದಿರ ಪಾಲುದಾರಿಕೆಯಲ್ಲಿ ನಡೆಯುತ್ತದೆ. ಬೇರೆ ಕರಾರು ಇಲ್ಲದಿದ್ದಲ್ಲಿ ಪಾಲುದಾರರೊಬ್ಬರ ಮರಣದಿಂದ ಸಂಸ್ಥೆ ವಿಸರ್ಜನೆಯಾಗುತ್ತದೆಂದು 1932ರ ಪಾಲುದಾರಿಕೆ ಕಾಯಿದೆ ಹೇಳುತ್ತದೆ. ಆದ್ದರಿಂದ ಕರಾರುಪತ್ರದಲ್ಲಿ ಅದಕ್ಕೊಂದು ಕಲಮು ಇರುತ್ತದೆ. ಆದರೆ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದು, ತಿಂಗಳುಗಟ್ಟಲೆ ಹಾಸಿಗೆ ಹಿಡಿದ ಪಾಲುದಾರರಿಗೆ ಯಾವ ಕಲಮಿದೆ? ಚೆಕ್ಕಿಗೆ ಅವರ ಸಹಿಯೇ ಬೇಕು. ಯಾವ ಹಳ್ಳಿಯ ಯಾರಿಗೆ ಎಷ್ಟು ಉದ್ದರಿ ಕೊಟ್ಟಿದೆ, ಅದರಲ್ಲಿ ಯಾರದು ವಸೂಲಾದೀತು ಎಂಬುದು ಅರ್ಧ ಪುಸ್ತಕದಲ್ಲಿ, ಅರ್ಧ ಅವರ ತಲೆಯಲ್ಲಿ. ವಯಸ್ಸಾದ ವರ್ತಕರು ಬೀಳದಂತೆ ನೋಡಿಕೊಳ್ಳುವುದು, ಈ ದೃಷ್ಟಿಯಿಂದ, ವ್ಯಾಪಾರದ ಬಂಡವಾಳವನ್ನು ಕಾಯುವುದೇ ಆಗಿದೆ.

ಈ ಹಿನ್ನೆಲೆಯಲ್ಲಿ ಚೀನಾದ ತಾಯ್ ಚಿ ಎಂಬ ನಿಧಾನ ವ್ಯಾಯಾಮವನ್ನು ನಾಲ್ಕೂ ಪಟ್ಟಣಗಳ ವರ್ತಕರ ಸಂಘಗಳು ಪರಿಶೀಲಿಸಬೇಕು. ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯಲ್ಲಿ ಕಾಳಗದ ವಿದ್ಯೆಯಾಗಿ ಬೆಳೆದ ಇದು ಕ್ರಮೇಣ ಆರೋಗ್ಯದ ಅಭ್ಯಾಸವಾಯಿತು. 1956ರಲ್ಲಿ ಅಲ್ಲಿನ ಸರ್ಕಾರದ ಕ್ರೀಡಾ ಆಯೋಗವು ಜನಸಾಮಾನ್ಯರಿಗಾಗಿ 24 ಭಂಗಿಗಳ ಸರಳ ಪಾಠವನ್ನು ಸಿದ್ಧಪಡಿಸಿತು. ಹೊಸಬರು ಇಂದಿಗೂ ಕಲಿಯುವುದು ಹೆಚ್ಚಾಗಿ ಇದನ್ನೇ. ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಯೋಗವನ್ನು 2016ರಲ್ಲಿ, ತಾಯ್ ಚಿಯನ್ನು 2020ರಲ್ಲಿ ಸೇರಿಸಿತು.

ಯೋಗದ ನಾಡಿನಲ್ಲಿ ಚೀನಾದ ಕಸರತ್ತು ಏಕೆಂಬ ಆಕ್ಷೇಪ ಸಹಜ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮಲ್ಲಾಡಿಹಳ್ಳಿಯಲ್ಲಿ ನೆಲೆನಿಂತು ಊರೂರಿಗೆ ವ್ಯಾಯಾಮ, ಯೋಗಗಳನ್ನು ಹೇಳಿಕೊಟ್ಟು 1996ರಲ್ಲಿ ಕಾಲವಾದ ರಾಘವೇಂದ್ರ ಸ್ವಾಮೀಜಿಯವರ ಹೆಸರು ಈ ಸೀಮೆಗೆ ಹೊಸದಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಕುರ್ಚಿ, ಗೋಡೆ, ಹಗ್ಗಗಳ ಆಸರೆಯಿಂದ ವೃದ್ಧರಿಗೂ ಆಸನ ಸಾಧ್ಯವೆಂದು ತೋರಿಸಿದರು. ಅಂತಹ ಗುರುಗಳು ದೊರೆತರೆ ಬೇರೇನೂ ಬೇಕಿಲ್ಲ. ಆದರೆ ಸಾಮಾನ್ಯ ಶಿಬಿರದ ವಾಸ್ತವವೇ ಬೇರೆ. ಮೊದಲ ದಿನವೇ ಜಮಖಾನದ ಮೇಲೆ ಪದ್ಮಾಸನ ಹಾಕಿರೆಂದರೆ, ನೆಲಕ್ಕೆ ಕುಳಿತು ಏಳಲು ಇಬ್ಬರ ಕೈ ಬೇಕಾದ ಹಿರಿಯರು ಎರಡನೆಯ ದಿನ ಬರುವುದಿಲ್ಲ. ತಾಯ್ ಚಿಯ ಅನುಕೂಲವೆಂದರೆ ಅದನ್ನು ನಿಂತೇ ಮಾಡುವುದು. ಜಮಖಾನ ಬೇಡ, ಪಂಚೆಯನ್ನೋ ಸೀರೆಯನ್ನೋ ಬದಲಿಸಿ ವಿಶೇಷ ಉಡುಪು ಧರಿಸಲೇಬೇಕೆಂದಿಲ್ಲ; ಸಡಿಲವಾದ ಬಟ್ಟೆ, ಜಾರದ ಚಪ್ಪಟೆ ಪಾದರಕ್ಷೆ ಸಾಕು.

ಮೊದಲ ಪಾಠವೂ ಭಯಪಡುವಂಥದ್ದಲ್ಲ. ಪಾದಗಳನ್ನು ಹೆಗಲಿನಷ್ಟು ಅಗಲಕ್ಕಿಟ್ಟು, ಮಂಡಿಯನ್ನು ಕೊಂಚವೇ ಸಡಿಲಿಸಿ ನಿಂತು, ದೇಹದ ಭಾರವನ್ನು ಒಂದು ಕಾಲಿನಿಂದ ಮತ್ತೊಂದಕ್ಕೆ ನಿಧಾನವಾಗಿ ವರ್ಗಾಯಿಸುವುದು. ಉಸಿರು ಸಹಜವಾಗಿರಬೇಕು. ನಂತರ ಕೈಗಳ ಚಲನೆ. ಭಂಗಿಗಳ ಹೆಸರುಗಳು ಸ್ವಾರಸ್ಯಕರವಾಗಿವೆ: ಮೋಡದಂತೆ ಕೈ ಆಡಿಸುವುದೊಂದು, ಬಿಳಿಯ ಕೊಕ್ಕರೆ ರೆಕ್ಕೆ ಬಿಚ್ಚುವುದು ಇನ್ನೊಂದು. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಿಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡಿಗೆ ಇಳಿಯುವುದನ್ನು ಕಂಡವರಿಗೆ ಈ ಭಂಗಿಯನ್ನು ವಿವರಿಸಬೇಕಾಗಿಲ್ಲ. ಕಾಲಿನಿಂದ ಕಾಲಿಗೆ ಭಾರ ಸಾಗಿಸುವ ಈ ಅಭ್ಯಾಸದಲ್ಲಿಯೇ ಸಮತೋಲನದ ಗುಟ್ಟಿದೆ. ಮನುಷ್ಯ ಬೀಳುವುದು ಬಹುಮಟ್ಟಿಗೆ ಹೆಜ್ಜೆ ಬದಲಿಸುವಾಗ, ತಿರುಗುವಾಗ ತಾನೇ?

ಫಲವೇನೆಂದು ವರ್ತಕರು ಕೇಳದೆ ಬಿಡುವುದಿಲ್ಲ, ಕೇಳಲೂಬೇಕು. ಅಮೆರಿಕದ ಆರಿಗಾನ್ ರಾಜ್ಯದಲ್ಲಿ 195 ಮಂದಿ ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆದ ಅಧ್ಯಯನದ ವರದಿ 2012ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ, 24 ವಾರ ತಾಯ್ ಚಿ ಅಭ್ಯಾಸ ಮಾಡಿದವರ ಸಮತೋಲನ ಉಳಿದ ಎರಡು ಬಗೆಯ ವ್ಯಾಯಾಮ ಮಾಡಿದವರಿಗಿಂತ ಉತ್ತಮಗೊಂಡಿತು. ಕೇವಲ ಮೈ ಹಿಗ್ಗಿಸುವ ವ್ಯಾಯಾಮ ಮಾಡಿದವರಿಗಿಂತ ಅವರು ಬಿದ್ದದ್ದೂ ಕಡಿಮೆ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನಕ್ಕೆ ಒತ್ತು ಕೊಡುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಇಷ್ಟನ್ನು ನಂಬಬಹುದು. ಇದರಿಂದ ಸಕ್ಕರೆಯ ಮಾತ್ರೆ ಬಿಡಬಹುದು, ಹೃದಯದ ಕಾಯಿಲೆ ಮಾಯವಾಗುತ್ತದೆ ಎನ್ನುವ ಶಿಕ್ಷಕರು ಸಿಕ್ಕಿದರೆ, ಹಣ ದುಪ್ಪಟ್ಟು ಮಾಡಿಕೊಡುವವರಿಂದ ದೂರವಿರುವಂತೆ ಅವರಿಂದಲೂ ದೂರವಿರುವುದು ಲೇಸು. ಮಂಡಿ ಬಹಳ ಸವೆದವರು, ಪಾದದ ಸ್ಪರ್ಶಜ್ಞಾನ ಕುಂದಿದ ಮಧುಮೇಹಿಗಳು ವೈದ್ಯರನ್ನು ಕೇಳಿಯೇ ಸೇರಬೇಕು. ಮಂಡಿಯನ್ನು ಕಾಲ್ಬೆರಳಿನಿಂದ ಮುಂದಕ್ಕೆ ಬಾಗಿಸಬಾರದು.

ಇನ್ನು ಖರ್ಚಿನ ವಿಚಾರ. ಒಂದೊಂದು ಪಟ್ಟಣವೂ ಪ್ರತ್ಯೇಕ ಶಿಕ್ಷಕರನ್ನು ಕರೆತರುವುದು ದುಬಾರಿ. ನಾಲ್ಕು ಸಂಘಗಳು ಕೂಡಿ ಬೆಂಗಳೂರಿನಿಂದ ಒಬ್ಬರನ್ನು ಗೊತ್ತುಮಾಡಿ, ವಾರದ ದಿನಗಳನ್ನು ಹಂಚಿಕೊಂಡರೆ ಸಂಬಳ, ಪ್ರಯಾಣಭತ್ಯೆ ಎರಡೂ ಹಂಚಿಹೋಗುತ್ತವೆ. ಆದರೆ ತರಗತಿ ಉಚಿತವಾಗಕೂಡದು. ಬಿಟ್ಟಿ ಶಿಬಿರಕ್ಕೆ ಉದ್ಘಾಟನೆಯ ದಿನ ನೂರು ಜನ, ಹತ್ತನೆಯ ದಿನ ಕಸ ಗುಡಿಸುವವರು ಮಾತ್ರ! ಮೂರು ತಿಂಗಳ ಶುಲ್ಕವನ್ನು ಮುಂಗಡವಾಗಿ ಪಡೆದರೆ ಹಣ ಕೊಟ್ಟವರು ವಸೂಲಿಗಾದರೂ ಬರುತ್ತಾರೆ. ವರ್ತಕರ ಸ್ವಭಾವ ಅದು. ಈ ಶುಲ್ಕವನ್ನು ಅಂಗಡಿಯ ಖರ್ಚಿಗೆ ಹಾಕುವ ಆಸೆ ಹಲವರಿಗೆ ಬಂದೀತು. ಮಾಲೀಕರ ಸ್ವಂತ ವ್ಯಾಯಾಮ ವೈಯಕ್ತಿಕ ಖರ್ಚು; ಅದು ಅವರ ಸ್ವಂತ ಖಾತೆಗೇ ಹೋಗಬೇಕು.

ಹೆಂಗಸರನ್ನು ಹೊರಗಿಡುವ ಕಾರಣವಿಲ್ಲ. ಅಂಗಡಿಯ ಲೆಕ್ಕ ಬರೆಯುವ, ಗಿರಾಕಿಗಳನ್ನು ನೋಡಿಕೊಳ್ಳುವ ಗೃಹಿಣಿಯರ ಮಂಡಿಯೂ ಅಷ್ಟೇ ಸವೆದಿರುತ್ತದೆ. ಪಾವಗಡದ ಬಿಸಿಲಿಗೆ ಬೆಳಿಗ್ಗೆ ಆರರಿಂದ ಏಳರ ಸಮಯವೇ ಸೂಕ್ತ. ಉಳಿದ ಮೂರು ಊರುಗಳಿಗೂ ಅದೇ ಸರಿಹೊಂದೀತು. ಜಾಗಕ್ಕೆ ಎ.ಪಿ.ಎಂ.ಸಿ. ಪ್ರಾಂಗಣವನ್ನು ಕೇಳಬಹುದು, ಹರಾಜು ಆರಂಭವಾಗುವ ಮುನ್ನ ಅದು ಖಾಲಿಯೇ ಇರುತ್ತದೆ. ಆರಂಭದ ದಿನವನ್ನು ಮಾತ್ರ ತಿಂಗಳ 20ನೆಯ ತಾರೀಖಿನ ನಂತರ ಇಟ್ಟುಕೊಳ್ಳಬೇಕು. ಜಿ.ಎಸ್.ಟಿ. ರಿಟರ್ನ್ ಬಾಕಿ ಇರುವಾಗ ಯಾರ ಉಸಿರಾಟವೂ ನಿಧಾನವಾಗುವುದಿಲ್ಲ.