ಗಲ್ಲಾಪೆಟ್ಟಿಗೆಯ ಪಕ್ಕದಲ್ಲೊಂದು ಪುಸ್ತಕ

ಪ್ರತಿವರ್ಷವೂ ಸಂಘದ ಸ್ಮರಣ ಸಂಚಿಕೆ ಕೈಸೇರಿದೊಡನೆ ನಾನು ಮೊದಲು ನೋಡುವುದು ಜಾಹೀರಾತಿನ ಪುಟಗಳನ್ನು. ಸಂಚಿಕೆಯ ಖರ್ಚಿನ ಭಾರವನ್ನು ಹೊರುವ ಪುಟಗಳು ಅವೇ ಆದುದರಿಂದ ಅವುಗಳ ಬಗ್ಗೆ ನನಗೆ ಗೌರವವುಂಟು. ಆದರೆ ಅವುಗಳಲ್ಲಿ ಓದತಕ್ಕದ್ದು ಏನಿದೆ? ‘ಶುಭಾಶಯಗಳೊಂದಿಗೆ’ ಎಂಬ ಒಂದು ಮಾತು, ಹೋಟೆಲಿನ ಹೆಸರು, ದೂರವಾಣಿಯ ಸಂಖ್ಯೆ, ಇಷ್ಟೇ. ಮೂವತ್ತು ನಲವತ್ತು ವರ್ಷ ಬೆಂಕಿಯ ಮುಂದೆ ನಿಂತು ಉದ್ಯಮವನ್ನು ಕಟ್ಟಿದವರು ಲೋಕಕ್ಕೆ ಹೇಳಬೇಕಾದುದು ಇಷ್ಟು ಮಾತ್ರವೇ?

ಇದೇ ಸಂಚಿಕೆಯಲ್ಲಿ ವೈದ್ಯರು ಬರೆಯುವ ಆರೋಗ್ಯ ಲೇಖನಗಳನ್ನು ಗಮನಿಸಿರಿ. ಜಾಹೀರಾತು ನೀಡುವುದು ವೈದ್ಯರ ವೃತ್ತಿಧರ್ಮಕ್ಕೆ ನಿಷಿದ್ಧ. ಅವರು ಮಧುಮೇಹದ ಕುರಿತೋ ರಕ್ತದೊತ್ತಡದ ಕುರಿತೋ ತಿಳಿದುದನ್ನು ಸರಳವಾಗಿ ಹೇಳಿ ಸುಮ್ಮನಾಗುತ್ತಾರೆ. ಆದರೂ ಓದಿದವರು, ‘ಇವರಿಗೆ ವಿಷಯ ಗೊತ್ತಿದೆ, ಅಗತ್ಯ ಬಿದ್ದರೆ ಇವರಲ್ಲಿಗೇ ಹೋಗೋಣ’ ಎಂದುಕೊಳ್ಳುವುದುಂಟು. ಕೇಳದೆಯೇ ದೊರೆತ ವಿಶ್ವಾಸವಿದು. ನಮ್ಮ ಉದ್ಯಮಿಗಳೂ ತಮ್ಮ ಕಸುಬಿನ ಬಗ್ಗೆ ಒಂದೊಂದು ಪುಸ್ತಕ ಬರೆಯಬೇಕು, ಅದರಿಂದ ಅವರ ವ್ಯಾಪಾರವೂ ಬೆಳೆದೀತು ಎಂದು ನಾನು ಹೇಳುವುದು ಈ ನ್ಯಾಯದಿಂದಲೇ.

ಇದು ಹೊಸ ವಿಚಾರವೇನೂ ಅಲ್ಲ. ಫ್ರಾನ್ಸಿನ ಮಿಶೆಲಿನ್ ಸಹೋದರರದು ಟಯರಿನ ವ್ಯಾಪಾರ. 1900ರಲ್ಲಿ ಅವರು ಮೋಟಾರು ಸವಾರರಿಗಾಗಿ ಒಂದು ಕೈಪಿಡಿಯನ್ನು ಅಚ್ಚುಮಾಡಿಸಿ ಉಚಿತವಾಗಿ ಹಂಚಿದರು. ಗಾಡಿ ಕೆಟ್ಟರೆ ದುರಸ್ತಿ ಎಲ್ಲಿ, ಊಟ ವಸತಿಗಳೆಲ್ಲಿ ಎಂಬ ಉಪಯುಕ್ತ ವಿವರಗಳು ಅದರಲ್ಲಿದ್ದವು. ಜನ ಹೆಚ್ಚು ಸಂಚರಿಸಿದಷ್ಟೂ ಟಯರು ಹೆಚ್ಚು ಸವೆಯುತ್ತದಲ್ಲವೆ! ಇಂದು ಜಗತ್ತಿನ ದೊಡ್ಡ ದೊಡ್ಡ ಹೋಟೆಲಿಗರೂ ಆ ಪುಸ್ತಕದ ನಕ್ಷತ್ರಕ್ಕಾಗಿ ಕಾದಿರುತ್ತಾರೆ.

ನಮ್ಮ ನೆರೆಯಲ್ಲೇ ನಿದರ್ಶನ ಬೇಕೆಂದರೆ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರರಿದ್ದಾರೆ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಮೊದಲಿಟ್ಟ ಅವರು ಕಬ್ಬಿಣದ ನೇಗಿಲನ್ನು ತಯಾರಿಸಿದಾಗ, ಕಬ್ಬಿಣ ತಗಲಿದರೆ ನೆಲ ಕೆಡುತ್ತದೆಂದು ರೈತರು ಹಿಂಜರಿದರು. ಅಂಥ ಶಂಕೆ ಮಾತಿನಿಂದ ಒಮ್ಮೆಗೇ ಹೋಗುವಂಥದಲ್ಲ. 1920ರಲ್ಲಿ ಆ ಸಂಸ್ಥೆಯಿಂದ ‘ಕಿರ್ಲೋಸ್ಕರ್ ಖಬರ್’ ಎಂಬ ಪತ್ರಿಕೆ ಹೊರಟಿತು. ಕಾರ್ಖಾನೆಯ ವಾರ್ತೆಯಿಂದ ಆರಂಭವಾದುದು ಕಾಲಕ್ರಮದಲ್ಲಿ ಮರಾಠಿ ಮನೆಮನೆಯ ಮಾಸಿಕವಾಯಿತು. ಅದು ಪುಸ್ತಕವಲ್ಲ, ಪತ್ರಿಕೆ. ಆದರೆ ತತ್ತ್ವ ಒಂದೇ.

ಮುಂಬಯಿಯ ಹೋಟೆಲಿಗರಿಗೆ ಇನ್ನೂ ಹತ್ತಿರದ ಉದಾಹರಣೆ ವಿಠಲ್ ಕಾಮತರದು. ಕಾರವಾರ ಮೂಲದ ಕುಟುಂಬದ ಅವರು 1997ರಲ್ಲಿ ವಿಲೇಪಾರ್ಲೆಯ ವಿಮಾನ ನಿಲ್ದಾಣದ ಬಳಿ ‘ಆರ್ಕಿಡ್’ ಎಂಬ ಪಂಚತಾರಾ ಹೋಟೆಲನ್ನು ಆರಂಭಿಸಿದರು. ಅವರ ‘ಇಡ್ಲಿ, ಆರ್ಕಿಡ್ ಆಣಿ ಮೀ’ ಎಂಬ ಮರಾಠಿ ಆತ್ಮಕಥನವು ಅನೇಕ ಮುದ್ರಣಗಳನ್ನು ಕಂಡಿತು. ಆ ಹೋಟೆಲಿನ ಮೆಟ್ಟಿಲನ್ನೇ ತುಳಿಯದ ಎಷ್ಟೋ ಮಂದಿಗೆ ಅದರ ಹೆಸರು ಪರಿಚಿತವಾದುದು ಆ ಪುಸ್ತಕದಿಂದ. ಪುಸ್ತಕವು ಗಿರಾಕಿಗಳ ಭಾಷೆಯಲ್ಲಿತ್ತೆಂಬುದನ್ನು ನಾವು ವಿಶೇಷವಾಗಿ ಗಮನಿಸಬೇಕು.

ಹಾಗೆಂದು ಯಾವ ಪುಸ್ತಕವಾದರೂ ಆದೀತೆ? ಪರಿಚಿತರೊಬ್ಬರು ಅರುವತ್ತರ ಶಾಂತಿಯ ಸಂದರ್ಭದಲ್ಲಿ ಚಿನ್ನದ ಅಕ್ಷರದ ರಟ್ಟಿನ ಒಂದು ಗ್ರಂಥವನ್ನು ಹೊರತಂದರು. ಮಂತ್ರಿಗಳೊಂದಿಗೆ ತೆಗೆಸಿಕೊಂಡ ಛಾಯಾಚಿತ್ರಗಳು, ಹಾರ ತುರಾಯಿಗಳು, ಇಷ್ಟಮಿತ್ರರ ಹೊಗಳಿಕೆಗಳು. ಸಾವಿರ ಪ್ರತಿಗಳಲ್ಲಿ ಬಹುಪಾಲು ಅವರ ಮನೆಯ ಅಟ್ಟದಲ್ಲಿ ಗೆದ್ದಲಿಗೆ ಆಹಾರವಾದವು. ಆತ್ಮಪ್ರಶಂಸೆಯ ಪುಸ್ತಕ ಬರೆಸಿದವನಿಗಷ್ಟೇ ಬೇಕು. ಕಸುಬಿನ ತಿಳಿವಳಿಕೆಯ ಪುಸ್ತಕ ಓದುವವನಿಗೆ ಬೇಕು. ಭೇದವಿರುವುದು ಇಲ್ಲಿ.

‘ಗುಟ್ಟನ್ನೆಲ್ಲ ಬರೆದುಬಿಟ್ಟರೆ ವ್ಯಾಪಾರ ಉಳಿದೀತೆ?’ ಎಂದು ಕೇಳುವವರಿದ್ದಾರೆ. ನಮ್ಮ ಘಾಟ್ಕೋಪರ್ ಪೂರ್ವದ ಖಾವೂ ಗಲ್ಲಿಯಲ್ಲಿ ಒಂದು ಸಂಜೆ ಅಡ್ಡಾಡಿ ಬನ್ನಿರಿ. ಚೀಸು, ಬೆಣ್ಣೆ, ಬಗೆಬಗೆಯ ಚಟ್ನಿಗಳಿಂದ ಅಲಂಕೃತವಾದ ದೋಸೆಗಾಗಿ ಜನ ಮುಗಿಬೀಳುತ್ತಿರುತ್ತಾರೆ. ದೋಸೆಯ ಗುಟ್ಟು ನಮ್ಮ ಕೈಬಿಟ್ಟು ಬಹುಕಾಲವಾಯಿತು. ಬರೆಯದೆ ಇದ್ದುದರಿಂದ ಗುಟ್ಟು ಉಳಿಯಲಿಲ್ಲ, ಹೆಸರೂ ಉಳಿಯಲಿಲ್ಲ. ಉಡುಪಿ ಹೋಟೆಲುಗಳನ್ನು ಕುರಿತ ಒಂದು ಪಾಂಡಿತ್ಯಪೂರ್ಣ ಪ್ರಬಂಧ 2012ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮುದ್ರಣಾಲಯ ಪ್ರಕಟಿಸಿದ ‘ಕರೀಡ್ ಕಲ್ಚರ್ಸ್’ ಗ್ರಂಥದಲ್ಲಿ ಬಂತು. ಅದನ್ನು ಬರೆದವರು ವಿದೇಶೀಯರು. ಅವರಿಗೆ ನಾವು ಕೃತಜ್ಞರು. ಆದರೆ ಒಲೆಯ ಮುಂದೆ ನಿಂತವರೇ ಬರೆದಿದ್ದರೆ ಇನ್ನೆಷ್ಟು ವಿಷಯ ತಿಳಿಯುತ್ತಿತ್ತು!

ಬರೆಯುವುದರಿಂದ ಹೊರಗಿನವರ ವಿಶ್ವಾಸಕ್ಕಿಂತ ಮಿಗಿಲಾದ ಇನ್ನೊಂದು ಲಾಭ ವ್ಯಾಪಾರದ ಒಳಗೇ ಇದೆ. ನಾನು ಬಲ್ಲ ಹೋಟೆಲಿಗರೊಬ್ಬರು ಎರಡನೆಯ ಶಾಖೆಯನ್ನು ತೆರೆದರು. ಕೆಲವೇ ತಿಂಗಳಲ್ಲಿ ಅಡುಗೆಯ ಭಟ್ಟರು ಊರಿಗೆ ಹೋದವರು ಮರಳಿ ಬರಲಿಲ್ಲ. ಉದ್ದಿನ ಪ್ರಮಾಣ, ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಹಿಟ್ಟು ಬೇಗ ಹುಳಿಯುವುದು, ಡಿಸೆಂಬರಿನಲ್ಲಿ ತಡವಾಗುವುದು, ಎಲ್ಲವೂ ಭಟ್ಟರ ಕೈಯಳತೆಯಲ್ಲಿತ್ತೇ ಹೊರತು ಕಾಗದದ ಮೇಲಿರಲಿಲ್ಲ. ರುಚಿ ಕೆಟ್ಟಿತು, ಗಿರಾಕಿ ಹೋಯಿತು, ಶಾಖೆ ಮುಚ್ಚಿತು. ಪುಸ್ತಕ ಬರೆಯಲು ಕುಳಿತವನು ತನ್ನ ಕೆಲಸವನ್ನು ಕ್ರಮವಾಗಿ ಯೋಚಿಸಲೇಬೇಕಾಗುತ್ತದೆ. ಅಚ್ಚಾಗುವ ಮೊದಲೇ ಆ ಬರಹವು ಎರಡನೆಯ ಶಾಖೆಗೆ ಕೈಪಿಡಿಯಾಗುತ್ತದೆ.

ವ್ಯಾಪಾರವೇ ಉಳಿಯದಿದ್ದರೂ ಪುಸ್ತಕ ಉಳಿಯುವುದುಂಟು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ ವಿಮಾನ ಸಂಸ್ಥೆಯು 2008ರಲ್ಲಿ ಮತ್ತೊಂದರಲ್ಲಿ ವಿಲೀನವಾಯಿತು. ಆದರೆ ಅವರು ಬರೆದ ಆತ್ಮಕಥೆ ಓದುಗರನ್ನು ಪಡೆಯಿತು. ಅದರಿಂದ ಪ್ರೇರಿತವಾದ ತಮಿಳು ಚಲನಚಿತ್ರವೂ 2020ರಲ್ಲಿ ಬಂತು.

‘ನಾವು ಹೆಚ್ಚು ಓದಿದವರಲ್ಲ’ ಎಂಬ ಸಂಕೋಚ ಬೇಡ. ಹಗಲೆಲ್ಲ ಲೋಟ ತೊಳೆದು ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತವರೇ ಈ ನಗರದಲ್ಲಿ ಹೋಟೆಲು ಕಟ್ಟಿದ್ದಾರೆ. ಗಲ್ಲಾ ಮುಚ್ಚಿದ ಮೇಲೆ ದಿನಕ್ಕೊಂದು ಪುಟ ಸಾಕು. ತಿದ್ದಿಕೊಡಲು ನಮ್ಮಲ್ಲಿ ನಿವೃತ್ತ ಅಧ್ಯಾಪಕರಿದ್ದಾರೆ. ಪುಸ್ತಕಕ್ಕೆ ಬೇಕಾದ ಐ.ಎಸ್.ಬಿ.ಎನ್. ಸಂಖ್ಯೆಯನ್ನು ಕೇಂದ್ರ ಸರಕಾರದ ಸಂಸ್ಥೆಯು ಉಚಿತವಾಗಿ ನೀಡುತ್ತದೆ. ಸಾವಿರ ಪ್ರತಿ ಹಾಕಿಸಿ ಸಾಲ ಮಾಡಬೇಡಿರಿ. ಇನ್ನೂರರಷ್ಟು ಪ್ರತಿಗಳನ್ನು ಅಚ್ಚುಮಾಡಿಸಿ, ಮುಗಿದ ಮೇಲೆ ಮತ್ತೆ ಮಾಡಿಸಬಹುದು. ಮೊದಲು ಕನ್ನಡದಲ್ಲಿ ಬರೆಯಿರಿ. ಅದು ನಮ್ಮ ಮಾಣಿಗಳಿಗೂ ಭಟ್ಟರಿಗೂ ಬೇಕು. ಬಳಿಕ ಮರಾಠಿ, ಗುಜರಾತಿಗಳಿಗೆ ಅನುವಾದ ಮಾಡಿಸಿರಿ. ಘಾಟ್ಕೋಪರಿನಲ್ಲಿ ನಮ್ಮ ಅನ್ನದಾತರು ಆ ಭಾಷೆಯವರು.

ನಮ್ಮ ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತವರು, ಗಲ್ಲಾದ ಮೇಲೆ ಕೂರಲೊಲ್ಲರು. ಅದು ತಪ್ಪಲ್ಲ. ಆದರೆ ಅಪ್ಪ ಯಾವ ರೈಲಿನಲ್ಲಿ ಬಂದ, ಮೊದಲ ಬಾಡಿಗೆಯನ್ನು ಹೇಗೆ ಕಟ್ಟಿದ, ಹಿಟ್ಟು ಕೆಟ್ಟ ದಿನ ಗಿರಾಕಿಗೆ ಏನು ಹೇಳಿದ ಎಂಬುದು ಅವರಿಗೆ ಯಾರಿಂದ ತಿಳಿಯಬೇಕು? ಮುಂದಿನ ವರ್ಷದ ಸಂಚಿಕೆಗೆ ಜಾಹೀರಾತು ಕೊಡುವಾಗ ದಯವಿಟ್ಟು ಶುಭಾಶಯದ ಜೊತೆಗೆ ಒಂದು ಪುಟ ಬರಹವನ್ನೂ ಕಳುಹಿಸಿರಿ. ನಿಮ್ಮ ಪುಸ್ತಕದ ಮೊದಲ ಪುಟ ಅದೇ ಆಗಲಿ.